ಬೀಗರ ಮನೆಯಲ್ಲಿ ಬಿ.ಎ.

ಭಾನುವಾರ, ಮಧ್ಯಾಹ್ನ

ಗುಬ್ಬಿಗೆ ಅಮ್ಮನ ಅಕ್ಕರೆ.

ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಅಂಗಡಿಯಲ್ಲಿ ಶಾಲೆ ಮಕ್ಕಳ ಯೂನಿಫಾರ್ಮಿನ ರಾಶಿ ಬಿದ್ದಿದೆ. ದಿನವಿಡೀ ಇಸ್ತ್ರಿ ಹಿಡಿದು ನಿಂತರೆ ಸಂಜೆ ಪೆನ್ನು ಹಿಡಿಯಲು ಬೆರಳು ಒಪ್ಪುವುದಿಲ್ಲ. ಅಪ್ಪನಿಗೆ ಕೆಮ್ಮು ಕಡಿಮೆಯಾಗಿದೆ, ಗೊಣಗಾಟ ಕಡಿಮೆಯಾಗಿಲ್ಲ.

ಹೋದ ತಿಂಗಳು ನಿನ್ನ ಮನೆಗೆ ಬಂದಾಗ ಬಾಗಿಲಲ್ಲೇ ಕಿವಿಯಲ್ಲಿ ಉಸುರಿದೆಯಲ್ಲ, "ಅಮ್ಮಾ, ನಿನ್ನದು ಬಿ.ಎ. ಆಗಿದೆ ಅಂತ ಅತ್ತೆ ಮಾವಂಗೆ ಹೇಳಿಬಿಟ್ಟಿದ್ದೀನಿ. ದಮ್ಮಯ್ಯ, ಬಾಯಿ ಬಿಡ್ಬೇಡ" ಎಂದು. ಚಪ್ಪಲಿ ಕಳಚುವಷ್ಟರಲ್ಲಿ ಪದವಿ ಬಂತು! ಇಷ್ಟು ಸಲೀಸಾಗಿ ಯಾರಿಗೂ ಸಿಕ್ಕಿರಲಾರದು.

ನೀನು ಕೆಲಸಕ್ಕೆ ಹೋದ ಮೇಲೆ ನಿನ್ನ ಮಾವ ಕೇಳಿದರು, "ಬೀಗರೇ, ನಿಮ್ಮದು ಯಾವ ಸಬ್ಜೆಕ್ಟು?" ಹಿಸ್ಟರಿ ಎಂದೆ. ಹಳೇ ಸಂಗತಿ, ಯಾರು ಕೆದಕುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಅರಳಿತು. ಅಲ್ಲಿಂದ ಊಟಕ್ಕೆ ಕೂತರೆ ರಾಜರು, ಎದ್ದರೆ ಯುದ್ಧ. ತಲೆಯಾಡಿಸಿ ಆಡಿಸಿ ಕತ್ತು ಹಿಡಿದುಕೊಂಡಿತು. ಹೊರಡುವ ದಿನ ಹೆಂಡತಿಗೆ ಹೇಳುತ್ತಿದ್ದರು, "ಓದಿದೋರ ಜೊತೆ ಮಾತಾಡೋ ಸುಖವೇ ಬೇರೆ ಕಣೇ." ನಾನು "ಹೌದಾ" ಬಿಟ್ಟು ಬೇರೇನೂ ಆಡಿರಲಿಲ್ಲ.

ನಗು ಬಂತು, ಆಮೇಲೆ ಸುಸ್ತಾಯಿತು. ನಿನ್ನತ್ತೆ ಒಂದು ಲೋಟ ತೊಳೆಯಲೂ ಬಿಡಲಿಲ್ಲ. ಕೈಯ ಸುಟ್ಟ ಕಲೆಗಳು ಕಾಣಬಾರದೆಂದು ಕೈ ಮುಚ್ಚಿಕೊಂಡೇ ಕೂತಿದ್ದೆ. ನಿಂತು ದುಡಿದ ಮೈಗೆ ಹಾಗೆ ಕೂರುವುದು ದೊಡ್ಡ ಶಿಕ್ಷೆ.

ಮತ್ತೆ ಬಂದು ಒಂದಷ್ಟು ದಿನ ಇರು ಎಂದು ಬರೆದಿದ್ದೀಯ. ಬರಲಾರೆ ಮಗಳೇ. ಸಿಟ್ಟಲ್ಲ. ನಿನ್ನ ಮಾನ ಈಗ ನನ್ನ ಬಾಯಲ್ಲಿದೆ, ಅದನ್ನು ಕಾಯುತ್ತ ಕೂರುವ ತ್ರಾಣ ನನಗಿಲ್ಲ. ನಿನ್ನೊಬ್ಬಳದೇ ತಪ್ಪು ಅನ್ನಲಾರೆ. ನಿನ್ನನ್ನು ಕಾಲೇಜಿಗೆ ಸೇರಿಸುವಾಗ ಆ ಗುಮಾಸ್ತ ಎಲ್ಲರೆದುರು "ತಾಯಿ ಎಷ್ಟು ಓದಿದ್ದಾರೆ?" ಎಂದು ಜೋರಾಗಿ ಕೇಳಿದಾಗ ನಿನ್ನ ಮುಖ ಹೇಗಾಯಿತೆಂದು ನಾನು ನೋಡಿದ್ದೆ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಇಬ್ಬರೂ ತಣ್ಣಗೆ ಬಾಳಿ.

ನಿನ್ನ
ಅಮ್ಮ

ತಾ.ಕ.: ಬಸ್ಸು ಹತ್ತಿಸುವಾಗ ನಿನ್ನತ್ತೆ ಕೇಳಿದರು, "ನೀವು ಕಾಲೇಜಿಗೆ ಹೋಗ್ತಿದ್ದಾಗ ನಿಮ್ಮ ಮಗಳನ್ನ ಬಟ್ಟೆ ಮೂಟೆ ಮೇಲೆ ಮಲಗಿಸ್ಕೊಂಡು ಸಾಕಿದ್ಲಂತಲ್ಲ, ಆ ಇಸ್ತ್ರಿಯವಳು ಈಗ್ಲೂ ಇದ್ದಾಳಾ? ಅವಳ ಸುದ್ದಿ ತೆಗೆದ್ರೆ ಸಾಕು, ಇವಳ ಕಣ್ಣಲ್ಲಿ ನೀರು." ಇದ್ದಾಳೆ ಎಂದೆ. "ಹಾಗಾದ್ರೆ ಮುಂದಿನ ಸಲ ಅವಳನ್ನೂ ಜೊತೆಗೆ ಕರ್ಕೊಂಡು ಬನ್ನಿ" ಎಂದರು. ಇಬ್ಬರೂ ಬರುವುದು ಹೇಗೆ, ನೀನೇ ಹೇಳು.