ಗ್ರಹಣಕ್ಕೆ ಕತ್ತರಿಸಿದ ಫಿಲ್ಮ್

ಜೂನ್ 9, 2025, ಸೋಮವಾರ. ಎರಡನೇ ಪಾಳಿ.

ಹರ್ಷಿತಾಗೆ ಜಡೆ ಹಾಕಿದೆ. ಎಡಗಡೆಯದು ಇವತ್ತೂ ಬಲಗಡೆಯದಕ್ಕಿಂತ ಮೇಲೆ.

‘ಅಮ್ಮ ಹಾಕಿದ್ರೆ ಎರಡೂ ಒಂದೇ ಸಮ ಇರ್ತಿತ್ತು ಅಪ್ಪ.’

‘ಇಂಗ್ಲೆಂಡಿಗೆ ಹೋದ್ಮೇಲೆ ಅವಳ ಕೈಲೇ ಹಾಕಿಸ್ಕೋ. ಅಲ್ಲೀತನಕ ಓರೆ ಜಡೆಯೇ ಗತಿ.’

ಜಡೆ ಜೊತೆಗೆ ಕಥೆ. ನನ್ನ ಅಜ್ಜಿ ಹಗಲಲ್ಲಿ ಕಥೆ ಹೇಳುತ್ತಿರಲಿಲ್ಲ. ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನಂತೆ. ಹರ್ಷಿಗೆ ಸೋದರಮಾವನೇ ಇಲ್ಲ. ನನಗೆ ಸಂಜೆ ಇಲ್ಲೇ ಮೈಸೂರಿನ ಹೆಬ್ಬಾಳದ ಫ್ಯಾಕ್ಟರಿ. ಹಾಗಾಗಿ ನಮ್ಮ ಮನೆಯಲ್ಲಿ ಬೆಳಗ್ಗೆಯೇ ಕಥೆ. ಆದರೆ ಅಜ್ಜಿಯ ಇನ್ನೊಂದು ನಿಯಮ ಬಿಟ್ಟಿಲ್ಲ. ಕೇಳುವವರು ಹೂಂ ಅನ್ನಬೇಕು. ಅನ್ನದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತೆ.

ಒಂದೂರಲ್ಲಿ ಒಬ್ಬ ಅಂಬಿಗ. ಹೂಂ. ದೋಣಿ ಹತ್ತೋರಿಗೆಲ್ಲ ಒಂದೇ ಪ್ರಶ್ನೆ. ಹೂಂ. ಮೂಟೇಲಿ ಏನಿದೆ ಕೇಳಲ್ಲ, ಎದೇಲಿ ಏನಿದೆ ಹೇಳು. ಸುಳ್ಳು ಹೇಳಿದರೆ ದೋಣಿ ನಡುನೀರಲ್ಲಿ ನಿಂತುಬಿಡುತ್ತೆ. ಮೊದಲು ಒಬ್ಬ ಸೊಸೆ ಹತ್ತಿದಳು. ಏನೂ ಇಲ್ಲ ಅಂದಳು. ದೋಣಿ ನಿಂತಿತು. ಅತ್ತೆ ಬಚ್ಚಿಟ್ಟ ಕಜ್ಜಾಯ ಎಷ್ಟು ಕದ್ದು ತಿಂದೆ ಅಂತ ಬಾಯಿ ಬಿಡೋತನಕ ಹುಟ್ಟು ಅಲ್ಲಾಡಲಿಲ್ಲ... ಹರ್ಷಿ ಬಿದ್ದು ಬಿದ್ದು ನಕ್ಕಳು. ಜಡೆ ಬಿಚ್ಚಿಹೋಯಿತು.

‘ಆಮೇಲೆ ಯಾರು ಹತ್ತಿದ್ರು?’

‘ಒಬ್ಬ ಅಪ್ಪ. ಹೆಗಲ ಮೇಲೆ ಮಗಳನ್ನ ಕೂರಿಸ್ಕೊಂಡು.’

ಸ್ಕೂಲ್ ವ್ಯಾನ್ ಹಾರ್ನ್. ಮಿಕ್ಕಿದ್ದು ನಾಳೆ.

ಕಥೆ ನಾನೇ ಕಟ್ಟಿದ್ದು. ಶುಕ್ರವಾರ ಬೆಂಗಳೂರಲ್ಲಿ ನಮ್ಮಿಬ್ಬರ ಟಿ.ಬಿ. ಪರೀಕ್ಷೆ, ಅದೇ ತಲೆಯಲ್ಲಿತ್ತು. ಆ ಸರ್ಟಿಫಿಕೇಟ್ ಇಲ್ಲದೆ ವೀಸಾಗೆ ಅರ್ಜಿಯೇ ಇಲ್ಲ. ಸೌಮ್ಯ ಅಲ್ಲಿ ನರ್ಸ್ ಆಗಿ ಹೋಗಿ ಹದಿನಾಲ್ಕು ತಿಂಗಳು. ಮನೆ ಹಿಡಿದಿದ್ದಾಳೆ. ಹರ್ಷಿಗೆ ಸ್ಕೂಲ್ ನೋಡಿದ್ದಾಳೆ. ಸೆಪ್ಟೆಂಬರ್‌ಗೆ ಶುರು.

ಕೆಮ್ಮು ಇವತ್ತೂ. ಪಾಲಿಶಿಂಗ್ ಸೆಕ್ಷನ್ ಧೂಳು, ಇನ್ನೇನು.

ಜೂನ್ 13, ಶುಕ್ರವಾರ. ರಜೆ ಹಾಕಿದೆ.

ಮೊದಲ ಬಸ್ಸಿಗೆ ಹೊರಟೆವು. ಕ್ಲಿನಿಕ್ ಹಾಲ್ ತುಂಬ ನಮ್ಮಂಥವರೇ. ಎಲ್ಲರ ಕೈಯಲ್ಲೂ ಪಾಸ್‌ಪೋರ್ಟ್, ಎಲ್ಲರೂ ಉಸಿರು ಬಿಗಿಹಿಡಿದ ಹಾಗೆ. ಹರ್ಷಿಗೆ ಎಕ್ಸ್‌ರೇ ಇಲ್ಲ, ಅವಳಿನ್ನೂ ಎಂಟು ವರ್ಷದವಳು. ನಾಲ್ಕು ಪ್ರಶ್ನೆ, ಎದೆಗೆ ಸ್ಟೆತಸ್ಕೋಪ್, ಮುಗೀತು.

ನನ್ನನ್ನು ಕೇಳಿದರು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆಯಾ?

ಇಲ್ಲ ಅಂದೆ. ಬಾಯಲ್ಲಿ ಲವಂಗ ಇತ್ತು.

ಎಕ್ಸ್‌ರೇ ಆದ ಮೇಲೆ ಒಳಗೆ ಕರೆದರು. ಲೇಡಿ ಡಾಕ್ಟರ್, ಮೃದು ಮಾತು. ‘ಬಲಗಡೆ ಮೇಲೆ ಒಂದು ನೆರಳಿದೆ ಬೀರೇಶ್. ಹಳೇ ಕಲೆನೂ ಇರಬಹುದು. ಕಫ ಪರೀಕ್ಷೆ ಆಗ್ಬೇಕು, ಮೂರು ಬೆಳಗ್ಗೆ. ಕ್ರಿಮಿ ಬೆಳೆಯುತ್ತಾ ನೋಡೋಕೆ ಕಲ್ಚರ್‌ಗೆ ಇಡ್ತೀವಿ. ರಿಸಲ್ಟ್‌ಗೆ ಎಂಟು ವಾರ.’

‘ಮಗಳ ಸರ್ಟಿಫಿಕೇಟ್ ಮೇಡಂ?’

‘ನಿಮ್ಮದು ಬಂದ ಮೇಲೆ. ಅಲ್ಲೀತನಕ ಮನೇಲಿ ಮಾಸ್ಕ್ ಹಾಕ್ಕೊಳಿ. ಮೈಸೂರಲ್ಲೂ ಒಮ್ಮೆ ತೋರಿಸ್ಕೊಂಡ್ಬಿಡಿ, ಕಾಯ್ಬೇಡಿ.’

ವಾಪಸ್ ಬರುವಾಗ ಹರ್ಷಿ ನನ್ನ ಎದೆಗೊರಗಿ ನಿದ್ದೆ. ಮಂಡ್ಯ ಬಂದಾಗ ಎಡ ಭುಜಕ್ಕೆ ಸರಿಸಿದೆ.

ಜೂನ್ 19, ಗುರುವಾರ. ಬೆಂಗಳೂರು, ಗೆಳೆಯ ಮನೋಹರ್ ರೂಮು.

ಮೂರನೇ ಡಬ್ಬಿ ಕೊಟ್ಟಾಯಿತು. ಹೊರಗಿನ ಗಾಳಿ ಆಡುವ ಪುಟ್ಟ ಕ್ಯಾಬಿನ್. ನರ್ಸ್ ಗಾಜಿನ ಆಚೆ. ‘ಎಂಜಲಲ್ಲ ಸರ್, ಕಫ. ಆಳದಿಂದ ಕೆಮ್ಮಿ.’

ನಗು ಬಂತು. ತಿಂಗಳುಗಟ್ಟಲೆ ಯಾರಿಗೂ ಕೇಳದ ಹಾಗೆ ನುಂಗಿಕೊಂಡಿದ್ದನ್ನ ಈಗ ಜೋರಾಗಿ ಕೆಮ್ಮಿ ತೋರಿಸಿ ಅಂತಾರೆ. ಕೆಮ್ಮಿದೆ. ಡಬ್ಬಿಗೆ ಬೇಕಾದ್ದಕ್ಕಿಂತ ಹೆಚ್ಚೇ ಬಂತು.

ಜೂನ್ 22, ಭಾನುವಾರ.

ಸೌಮ್ಯ ವಿಡಿಯೋದಲ್ಲಿ. ಯೂನಿಫಾರಂ ಬಿಚ್ಚಿರಲಿಲ್ಲ.

‘ಕೆಮ್ಮೇನಾದ್ರೂ ಇತ್ತೇನ್ರೀ?’

‘ಇಲ್ಲ ಕಣೇ.’

‘ಹಂಗಾದ್ರೆ ಹಳೇ ಕಲೆ ಇರ್ಬೇಕು. ಕಂಪನಿ ಮೆಡಿಕಲ್‌ನಲ್ಲಿ ತೆಗೆಸಿದ್ರಲ್ಲ, ಆ ಫಿಲ್ಮ್ ಇದ್ಯಾ? ಅವತ್ತೂ ಆ ನೆರಳು ಅಲ್ಲೇ ಇತ್ತು ಅಂದ್ರೆ ಅರ್ಧ ಭಯ ಹೋಯ್ತು. ಹುಡುಕ್ರೀ.’

ಇದೆ ಅಂದೆ. 2018ರದು. ಟ್ರಂಕಿನಲ್ಲಿ. ಅವತ್ತು ಕಂಪನಿ ಡಾಕ್ಟರು ಅದನ್ನ ಬೆಳಕಿಗೆ ಹಿಡಿದು ‘ಏನೋ ಇದೆ, ಏನಿಲ್ಲ ಬಿಡಿ’ ಅಂದಿದ್ದ ನೆನಪು. ಅಂದಿದ್ದರೇ? ಅಂದಿರಬೇಕು.

ಜೂನ್ 24, ಮಂಗಳವಾರ. ಮೊದಲನೇ ಪಾಳಿ.

ಕವರ್ ಸಿಕ್ಕಿತು. ಒಳಗೆ ಅಂಚು ಮಾತ್ರ. ಹೆಸರು, ತಾರೀಖು, ಭುಜ, ನಡುವಿನ ಮೂಳೆ. ಮಿಕ್ಕಿದ್ದು ಕಿಟಕಿ ತೆಗೆದ ಗೋಡೆ ಹಾಗೆ ಖಾಲಿ.

ಆಗ ನೆನಪಾಯಿತು. 2019, ಡಿಸೆಂಬರ್ 26. ಸೂರ್ಯಗ್ರಹಣ. ಅಶೋಕಪುರಂನ ನಮ್ಮ ಬೀದಿಯವರೆಲ್ಲ ಹೊರಗೆ ಬರಬೇಕು, ಗ್ರಹಣಕ್ಕೆ ಹೆದರಿ ಯಾರೂ ಒಳಗೆ ಕೂರಬಾರದು ಅಂತ ನಾನೇ ಮನೆಮನೆಗೆ ಹೋಗಿ ಕರೆದಿದ್ದೆ. ನೋಡೋಕೆ ಏನಾದರೂ ಬೇಕಲ್ಲ. ಕತ್ತರಿ ತಗೊಂಡು ಫಿಲ್ಮನ್ನ ತುಂಡು ಮಾಡಿ ಹಂಚಿದ್ದೆ. ನಾಲ್ಕು ತುಂಡು. ಬೀದಿಯೆಲ್ಲ ನನ್ನ ಎದೆ ಮೂಲಕ ಸೂರ್ಯನ್ನ ನೋಡಿತು.

ಪಕ್ಕದ ಮನೆ ಬಸವಮ್ಮನವರನ್ನ ಕೇಳಿದೆ. ಸಂಜೆ ಪಾಳಿ ಇದ್ದಾಗ ಹರ್ಷಿಯನ್ನ ನೋಡಿಕೊಳ್ಳುವವರು ಅವರೇ.

‘ಅಯ್ಯೋ ಬೀರಣ್ಣ, ಅದು ನಿನ್ ಎದೆನಾ? ನಮ್ ಬಚ್ಚಲು ಕಿಟಕಿ ಗಾಜು ಒಡೆದಿತ್ತು, ಅಲ್ಲಿಗೆ ಅಂಟಿಸ್ಬುಟ್ಟೆ ಕಣಪ್ಪ. ಐದಾರು ವರ್ಷದಿಂದ ನಿನ್ ಎದೆ ನೋಡ್ಕೊಂಡೇ ನೀರು ಹುಯ್ಕೊತಾ ಇವ್ನಿ!’

ಇಬ್ಬರೂ ನಕ್ಕೆವು. ನಕ್ಕು ನಕ್ಕು ಕೆಮ್ಮು ಬಂತು. ಅವರು ನೀರು ತರೋಕೆ ಒಳಗೆ ಹೋದರು. ಕರ್ಚೀಫಿನಲ್ಲಿ ಕೆಂಪು ಎಳೆ ಒಂದು. ಮಡಿಸಿ ಜೇಬಿಗೆ ಹಾಕಿಕೊಂಡೆ.

ಜೂನ್ 27, ಶುಕ್ರವಾರ.

ಎರಡನೇ ತುಂಡು ನಮ್ಮ ಬೀದಿ ಕಾಳಯ್ಯನ ಆಟೋದಲ್ಲಿ. ಬಿಸಿಲು ಬಾರದ ಹಾಗೆ ಗಾಜಿಗೆ ಸಿಕ್ಕಿಸಿದ್ದ. ಮೂರನೆಯದು ಸಿದ್ದೇಶನ ಮನೆ ಅಟ್ಟದಲ್ಲಿ. ನಾಲ್ಕನೆಯದು ಯಾರ ಹತ್ತಿರವೂ ಇಲ್ಲ.

‘ಈಗ್ಯಾಕಣ್ಣ ಅದು?’ ಅಂದ ಕಾಳಯ್ಯ.

‘ಇಂಗ್ಲೆಂಡಿನವರು ನನ್ನ ಹಳೇ ಎದೆ ನೋಡ್ಬೇಕಂತೆ.’

‘ಅವ್ರೇನು ಹೆಣ್ಣು ಕೊಡ್ತಾರಾ, ಇಷ್ಟು ವಿಚಾರ್ಸೋಕೆ!’

ಜೂನ್ 29, ಭಾನುವಾರ. ಬೆಳಗ್ಗೆ 10.

ತುಂಡುಗಳನ್ನ ಕಿಟಕಿ ಗಾಜಿಗೆ ಟೇಪ್ ಹಾಕಿ ಜೋಡಿಸಿದೆ. ಬಲಗಡೆ ಮೇಲೆ, ಕಾಲರ್ ಮೂಳೆ ಕೆಳಗೆ, ಚೌಕ ಖಾಲಿ. ಬೇಕಾದ್ದೇ ಇಲ್ಲ.

ಹರ್ಷಿ ನೋಡುತ್ತ ನಿಂತಿದ್ದಳು. ಒಳಗೆ ಹೋಗಿ ಜಾಮಿಟ್ರಿ ಬಾಕ್ಸ್ ತಂದಳು. ಸ್ಟಿಕ್ಕರ್, ನವಿಲುಗರಿ, ಮುರಿದ ಬಳೆ, ಎಲ್ಲದರ ಅಡಿಯಲ್ಲಿ ಅದು.

‘ಇದು ನನ್ ಗ್ರಹಣದ ಗಾಜು. ನೀನೇ ಕೊಟ್ಟಿದ್ದು. ಡಾಕ್ಟರ್ ವಾಪಸ್ ಕೊಡ್ತಾರಾ?’

ಕೊಡ್ತಾರೆ ಅಂದೆ. ಇಟ್ಟೆ. ಸರಿಯಾಗಿ ಕೂತಿತು.

ಕಪ್ಪು. ಪಕ್ಕೆಲುಬಿನ ತೆಳು ಗೆರೆ ಬಿಟ್ಟರೆ ಇಡೀ ತುಂಡು ಕಪ್ಪು. ಮೊನ್ನೆ ಡಾಕ್ಟರ್ ಸ್ಕ್ರೀನಿನಲ್ಲಿ ತೋರಿಸಿದ ಕಡೆ ಹತ್ತಿ ಎಳೆದ ಹಾಗೆ ಬಿಳಿ ಇತ್ತು. ಇಲ್ಲಿ ಏನೂ ಇಲ್ಲ. ಬರೀ ಗಾಳಿ.

ಜೋಡಿಸೋಕೂ ಮೊದಲೇ ನನಗೆ ಗೊತ್ತಾಗಬೇಕಿತ್ತು. ಅವತ್ತು ಫಿಲ್ಮನ್ನ ಬೆಳಕಿಗೆ ಹಿಡಿದು ಎಲ್ಲಿ ಎಲ್ಲಕ್ಕಿಂತ ಕಪ್ಪಗಿದೆ ಅಂತ ಹುಡುಕಿದ್ದೆ. ಸೊಂಟದ ಮೇಲೆ ಇವಳು, ಎರಡೂವರೆ ವರ್ಷ. ಇವಳ ಕಣ್ಣಿಗೆ ಅಂತಲೇ ಆ ಜಾಗ ಆರಿಸಿದ್ದು. ಬಿಳಿ ಇದ್ದಿದ್ದರೆ ಮಗಳಿಗೆ ಕೊಡುತ್ತಿದ್ದೆನಾ?

‘ಚೆನ್ನಾಗಿದ್ಯಾ ಅಪ್ಪ?’

‘ಅವತ್ತು ಚೆನ್ನಾಗಿತ್ತು ಮಗಾ.’

ಜುಲೈ 4, ಶುಕ್ರವಾರ.

‘ಫಿಲ್ಮ್ ಕಳಿಸಿದ್ರೇನ್ರೀ?’ ಸೌಮ್ಯ.

‘ಕಳಿಸಿದೆ. ಹಳೇ ಕಲೆ ಅಂದ್ರು.’

ಫೋನಿನಲ್ಲೇ ಕೈಮುಗಿದಳು.

ಆರೋಗ್ಯ ಕೇಂದ್ರದ ಗೇಟ್ ತನಕ ಹೋಗಿದ್ದೆ. ಇಲ್ಲಿ ಹೆಸರು ಬರೆಸಿದರೆ ಆ ಹೆಸರು ಸಮುದ್ರ ದಾಟಿ ಹೋಗುತ್ತೆ ಅನ್ನಿಸಿತು. ಎದುರಿನ ಅಂಗಡಿಯಲ್ಲಿ ಟೀ ಕುಡಿದು ಬಂದೆ. ಕಲ್ಚರ್ ಬರಲಿ. ಐದಾರು ವಾರ ತಾನೇ.

ಜುಲೈ 9, ಬುಧವಾರ.

ಜಡೆಗೆ ಬಸವಮ್ಮನವರ ಹತ್ತಿರ ಕಳಿಸಿದೆ. ಇವತ್ತು ಜಡೆ ಸಮ ಇತ್ತು. ಬಾಗಿಲಲ್ಲಿ ನಿಂತು ಕೇಳಿದಳು, ‘ಅಪ್ಪ, ಯಾಕೆ ದೂರ ಕೂರ್ತೀಯ? ನಾನೇನ್ ಮಾಡ್ದೆ?’

‘ನೆಗಡಿ ಕಣಮ್ಮ.’

‘ಕಥೆ?’

‘ನೆಗಡಿ ಹೋಗ್ಲಿ.’

ಜುಲೈ 27, ಭಾನುವಾರ.

ದೂರ ಅಂತ ಬರೆದಿದ್ದೆ. ಎಂಥ ದೂರ. ಒಂದು ಹಾಲ್, ಒಂದು ರೂಮು. ಫ್ಯಾನ್ ಒಂದೇ.

ಹರ್ಷಿ ತಟ್ಟೆಯಲ್ಲಿ ಅರ್ಧ ಬಿಡುತ್ತಾಳೆ. ಯೂನಿಫಾರಂ ಸ್ಕರ್ಟಿಗೆ ಪಿನ್ ಹಾಕಬೇಕಾಯಿತು. ‘ಅವ್ವನ ಗ್ಯಾನ ಕಣಪ್ಪ’ ಅಂತಾರೆ ಬಸವಮ್ಮ. ಅದೇ ಇರಬೇಕು. ಉದ್ದ ಆಗುತ್ತಿದ್ದಾಳೆ, ಅದೂ ಇರಬೇಕು.

ಆಗಸ್ಟ್ 12, ಮಂಗಳವಾರ. ಮಧ್ಯಾಹ್ನ.

ಮೇಲ್ ಬಂತು. ಕಲ್ಚರ್ ಪಾಸಿಟಿವ್. ಸರ್ಟಿಫಿಕೇಟ್ ಇಲ್ಲ. ಪೂರ್ತಿ ಟ್ರೀಟ್‌ಮೆಂಟ್ ಮುಗಿಸಿ ಹೊಸದಾಗಿ ಬನ್ನಿ.

ಕ್ಯಾಂಟೀನಿನಲ್ಲಿ ಓದಿದೆ. ಎದುರು ಕೂತವನ ತಟ್ಟೆಯಿಂದ ದೂರ ಸರಿದೆ.

ಆಗಸ್ಟ್ 14, ಗುರುವಾರ.

ಅದೇ ಗೇಟ್. ಈ ಸಲ ಒಳಗೆ ಹೋದೆ. ಹೆಸರು ಬರೆದುಕೊಂಡರು. ಯಾರೂ ಬೈಯಲಿಲ್ಲ. ತೂಕ ನೋಡಿ, ಮಾತ್ರೆ ಕೊಟ್ಟು, ಆರು ತಿಂಗಳು ತಪ್ಪಿಸ್ಬೇಡಿ ಅಂದರು. ಇಷ್ಟೇ. ಎರಡು ತಿಂಗಳ ಹಿಂದೆಯೇ ಇಷ್ಟೇ ಇತ್ತು.

‘ಮನೇಲಿ ಯಾರ್ಯಾರಿದೀರಿ?’ ಅಂದಳು ಹೆಸರು ಬರೆದುಕೊಂಡ ಹುಡುಗಿ, ರಿಜಿಸ್ಟರಿನಿಂದ ತಲೆ ಎತ್ತದೆ.

ನಾನು, ಮಗಳು.

‘ಮಗು ಹೇಗಿದೆ? ಊಟ ಮಾಡುತ್ತಾ? ತೂಕ?’

ಪೆನ್ನು ಕಾಯುತ್ತಿತ್ತು. ಸ್ಕರ್ಟಿನ ಪಿನ್ನು ನೆನಪಾಯಿತು.

ಆಗಸ್ಟ್ 18, ಸೋಮವಾರ.

ಹರ್ಷಿಗೆ ಎಕ್ಸ್‌ರೇ. ಕತ್ತಿನ ಸರ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಫಿಲ್ಮ್ ಬಂದಾಗ ಎರಡೂ ಕೈ ಚಾಚಿದಳು.

‘ಈಗ ನಂದೇ ಇದ್ಯಲ್ಲ! ಮುಂದಿನ ಗ್ರಹಣಕ್ಕೆ ಇದನ್ನ ಕತ್ತರ್ಸೋಣ. ಬೀದಿಯೋರಿಗೆಲ್ಲ ನಾನೇ ಹಂಚ್ತೀನಿ.’

ಆಗಸ್ಟ್ 20, ಬುಧವಾರ.

ಇದೆ. ಎದೆಯೊಳಗೆ ಗಂಟುಗಳು ಅಂದರು ಡಾಕ್ಟರ್. ವಾಸಿಯಾಗುತ್ತೆ, ಮಕ್ಕಳಿಗೆ ಮಾತ್ರೆ ಚೆನ್ನಾಗಿ ಹಿಡಿಯುತ್ತೆ. ನಿಮ್ಮಿಂದಲೇ ಬಂದಿರೋದು, ಬೇಜಾರು ಮಾಡ್ಕೋಬೇಡಿ ಅಂದರು.

ಸೌಮ್ಯಗೆ ಎಲ್ಲ ಹೇಳಿದೆ. ಲವಂಗದಿಂದ ಶುರು ಮಾಡಿ ಗೇಟಿನ ತನಕ. ಫಿಲ್ಮ್ ವಿಷಯ ಕೂಡ.

‘ಎಷ್ಟು ದಿನದಿಂದ ಕೆಮ್ಮು, ಬೀರೇಶ್?’

ಹತ್ತು ವರ್ಷದಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದಳು. ರೀ ಅನ್ನಲಿಲ್ಲ.

‘ಸಂಕ್ರಾಂತಿಯಿಂದ.’

‘ಸಂಕ್ರಾಂತಿಯಿಂದ ದಿನಾ ಬೆಳಗ್ಗೆ ಮಡಿಲಲ್ಲಿ ಕೂರಿಸ್ಕೊಂಡು ಕಥೆ ಹೇಳಿದೀರಿ.’

ಟಿಕೆಟ್ ಸಿಕ್ಕ ದಿನ ಬರ್ತೀನಿ ಅಂದು ಇಟ್ಟಳು. ಯಾರಿಗೋಸ್ಕರ ಬರ್ತೀನಿ ಅಂತ ಹೇಳಲಿಲ್ಲ.

ಲೆಕ್ಕ ಹಾಕಬಾರದು ಅಂದುಕೊಂಡರೂ ಹಾಕಿದೆ. ಐದು ತಿಂಗಳು, ದಿನಕ್ಕೊಂದು ಕಥೆ. ಅಜ್ಜಿಯ ಬಾಯಿಂದ ನನಗೆ ಬಂದದ್ದನ್ನೆಲ್ಲ ಇವಳಿಗೆ ಕೊಟ್ಟೆ. ಅದರ ಜೊತೆ ಇದನ್ನೂ. ಯಾವ ಕಥೆ ದಿನ ಹೋಯಿತೋ. ಕಜ್ಜಾಯದ ಸೊಸೆಗೆ ಬಿದ್ದು ಬಿದ್ದು ನಕ್ಕಳಲ್ಲ, ಆ ದಿನವೋ. ನಗುವಾಗ ಉಸಿರು ಆಳಕ್ಕೆ ಹೋಗುತ್ತೆ.

ಆಗಸ್ಟ್ 24, ಭಾನುವಾರ. ಬೆಳಗ್ಗೆ 8.

ಎರಡು ಲೋಟ ನೀರು. ನನ್ನ ಮಾತ್ರೆ ದೊಡ್ಡವು, ಅವಳವು ನೀರಲ್ಲಿ ಕರಗುವಂಥವು. ಮುಖ ಕಿವುಚಿ ಕುಡಿದಳು. ‘ನಾನೇ ಫಸ್ಟು’ ಅಂದಳು.

ನಾನು ಬಾಗಿಲ ಹೊರಗೆ ಮೆಟ್ಟಿಲ ಮೇಲೆ, ಮಾಸ್ಕ್ ಹಾಕಿಕೊಂಡು. ಅವಳು ಒಳಗೆ ಚಾಪೆ ಮೇಲೆ. ಕೂದಲು ಬಿಚ್ಚಿಕೊಂಡಿದೆ, ಬಸವಮ್ಮನವರು ಇನ್ನೂ ಬಂದಿಲ್ಲ. ಡೈರಿ ಮೊಣಕಾಲ ಮೇಲೆ ಇದೆ. ಏನೋ ಬರೀತಿರೋ ಹಾಗೆ ತೋರಿಸಿಕೊಂಡರೆ ಕೇಳಲ್ಲ ಅಂದುಕೊಂಡೆ.

ಕೇಳಿದಳು.

‘ಅಪ್ಪ, ಆ ದೋಣಿ ಕಥೆ. ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಹತ್ತಿದ್ನಲ್ಲ, ಅವನು.’

ಹತ್ತಿದ ಅಂದೆ.

‘ಹೂಂ.’

ಅಂಬಿಗ ಕೇಳಿದ ಅಂದೆ.

‘ಹೂಂ. ಎದೇಲಿ ಏನಿದೆ ಅಂದ. ಅಪ್ಪ ಏನಂದ?’

ಹೂಂ ಅಂತಿದ್ದಾಳೆ. ಮತ್ತೆ ಮತ್ತೆ ಅಂತಿದ್ದಾಳೆ, ನಾನು ಹೇಳುವುದಕ್ಕಿಂತ ಮೊದಲೇ. ಹೂಂ ಅಂದ ಮೇಲೆ ಹೇಳಬೇಕು. ಜಡೆ ಹಾಕು ಅಂತ ಅವಳ ಕೂದಲು ಈ ಕಡೆ ತಿರುಗಿದೆ, ನಾನು ಏಳಲಾರೆ, ದೋಣಿ ನಡುನೀರಲ್ಲಿ, ಆ ಅಪ್ಪ ಬಾಯಿ ತೆರೆದು...