ಎರಡು ಹಾರ್ನ್, ಒಂದು ಬನ್ನು

ಮಾರ್ಚ್ 4, ಮಧ್ಯಾಹ್ನ

ಬೆಳಗಿನಿಂದ ಮೂರು ವಿಮಾನ ಹಾರಿದವು. ಪ್ರತಿ ಸಲವೂ ಜೀಪಿನಲ್ಲಿ ರನ್‌ವೇ ಸುತ್ತಿ, ಪ್ರಾಣಿಗಳಿದ್ದರೆ ಓಡಿಸಿ, ರೇಡಿಯೋದಲ್ಲಿ 'ಕ್ಲಿಯರ್' ಅಂದೆ. ಓಡಿಸುವುದೇನು ಬಂತು! ಇರುವುದು ಒಂದೇ ಬೀದಿನಾಯಿ. ಬೆನ್ನಟ್ಟಿದರೆ ಆಟ ಅಂದುಕೊಳ್ಳುತ್ತದೆ. ಅದಕ್ಕೇ ನನ್ನ ಉಪಾಯ — ಆಚೆ ತುದಿಯ ಹುಲ್ಲಿನ ಹತ್ತಿರ ನಿಲ್ಲಿಸಿ ಎರಡು ಹಾರ್ನ್. ಬರುತ್ತದೆ. ಬನ್ನು ಎಸೆದರೆ ಬಾಯಲ್ಲೇ ಹಿಡಿಯುತ್ತದೆ. ಇನ್ನೊಂದು ಸಿಕ್ಕೀತೆಂದು ವಿಮಾನ ಹಾರುವತನಕ ಅಲ್ಲೇ ಕೂತಿರುತ್ತದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕ್ಯಾಪ್ಟನ್ ಅಂತ ಹೆಸರಿಟ್ಟಿದ್ದೇನೆ. ಈ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಸಮಯಕ್ಕೆ ಸರಿಯಾಗಿ ಬರುವವನು ಅವನೊಬ್ಬನೇ.

ಮಾರ್ಚ್ 9

ಬರೆಯಲು ಕೈ ಬರುತ್ತಿಲ್ಲ.

ಸುಡು ಬಿಸಿಲು. ಬನ್ನು ಮರೆತಿದ್ದೆ. ಆಚೆವರೆಗೆ ಯಾರು ಹೋಗುತ್ತಾರೆ ಅಂತ ಈಚೆ ತುದಿಯಲ್ಲೇ ನಿಂತೆ. ಉದ್ದಕ್ಕೂ ಕಣ್ಣು ಹಾಯಿಸಿದೆ — ಖಾಲಿ. 'ಕ್ಲಿಯರ್' ಅಂದೆ. ವಿಮಾನ ಓಡತೊಡಗಿತು. ಅಭ್ಯಾಸಬಲ... ಕೈ ಹಾರ್ನಿಗೆ ಹೋಯಿತು. ಎರಡು ಸಲ.

ಆಚೆ ಹುಲ್ಲಿನಿಂದ ಕ್ಯಾಪ್ಟನ್ ಎದ್ದ. ರನ್‌ವೇ ನಡುವೆಯೇ ಓಡಿ ಬಂದ, ನೇರ ನನ್ನ ಕಡೆಗೆ.

ನಡೆಸುತ್ತಿದ್ದವಳು ಕಲಿಯಲು ಬಂದ ಹುಡುಗಿ. ನಾಯಿಯನ್ನು ತಪ್ಪಿಸಲು ತಿರುಗಿಸಿದಳು. ವಿಮಾನ ಹುಲ್ಲಿಗಿಳಿದು ಮೂಗು ನೆಲಕ್ಕೆ ಹೂತುಕೊಂಡಿತು. ಹುಡುಗಿಯ ಹೆಗಲಿನ ಮೂಳೆ ಮುರಿದಿದೆ. ನಾಯಿಗೆ ಏನೂ ಆಗಿಲ್ಲ. ಜೀಪಿನ ಬಾಗಿಲ ಬಳಿ ಬಾಲ ಆಡಿಸುತ್ತಾ ನಿಂತಿದ್ದ. ಎಲ್ಲರೂ ವಿಮಾನದ ಕಡೆ ಓಡುತ್ತಿದ್ದರು. ನಮ್ಮನ್ನು ಯಾರೂ ನೋಡಲಿಲ್ಲ.

ಮಾರ್ಚ್ 10

ಆಸ್ಪತ್ರೆಗೆ ಹೋಗಿದ್ದೆ. ಹುಡುಗಿ ಮೊದಲು ಕೇಳಿದ್ದು, "ಅಂಕಲ್, ನಾಯಿಗೇನೂ ಆಗಿಲ್ಲ ತಾನೇ?"

"ಇಲ್ಲಮ್ಮ" ಅಂದು ಹೊರಗೆ ಬಂದುಬಿಟ್ಟೆ. ಅವಳಿಗೆಂದು ತಂದಿದ್ದ ಕಿತ್ತಳೆ ಕೈಯಲ್ಲೇ ಇತ್ತು.

ಮಾರ್ಚ್ 13

ತಪ್ಪೆಲ್ಲ, ನಾಯಿ ಒಳಗೆ ನುಗ್ಗಿದ ಬೇಲಿಯ ತೂತಿನದಂತೆ. ಬೇಲಿ ನೋಡಿಕೊಳ್ಳುವವರು ಭಾವ — ನನ್ನ ಹೆಂಡತಿಯ ಅಣ್ಣ, ನನಗೆ ಈ ಕೆಲಸ ಕೊಡಿಸಿದವರು. ಹೊಸ ತಂತಿ ಕೊಡಿ ಅಂತ ವರ್ಷದಿಂದ ಕೇಳುತ್ತಿದ್ದರು. ಈಗ ಕೊಟ್ಟಿದ್ದಾರೆ. ತೂತು ಮುಚ್ಚಿ, ತಿಂಗಳ ಕೊನೆಗೆ ಕೆಲಸ ಬಿಟ್ಟು ಹೊರಡು ಅಂದಿದ್ದಾರೆ ಮ್ಯಾನೇಜರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇವಳು ಅತ್ತಳು. "ನೀವಾದ್ರೂ ಹೇಳ್ರೀ, ಅಣ್ಣಂದೇನೂ ತಪ್ಪಿಲ್ಲ ಅಂತ. ನಿಮ್ಮ ಮಾತಿಗೆ ಅಲ್ಲಿ ಬೆಲೆ ಇದೆ."

"ಹೇಳ್ತೀನಿ" ಅಂದೆ. ಯಾವ ಬಾಯಲ್ಲಿ...

ಮಾರ್ಚ್ 19

ತನಿಖೆಯ ಅಧಿಕಾರಿ ಜೀಪು ಹತ್ತಿದರು. "ದಿನಾ ಹೇಗೆ ನೋಡ್ತೀರೋ ಹಾಗೇ ತೋರಿಸಿ."

ಆಚೆ ತುದಿವರೆಗೆ ಹೋದೆ. ಹಾರ್ನ್ ಮುಟ್ಟಲಿಲ್ಲ.

"ಹಾರ್ನ್ ಹೊಡೆಯಲ್ವಾ?"

ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ಒಂದೇ ಸಲ ಒತ್ತಿದೆ. ಸಾಕಾಯಿತು. ಕ್ಯಾಪ್ಟನ್ ಓಡಿ ಬಂದು ನನ್ನ ಬಾಗಿಲ ಪಕ್ಕ ಕೂತ.

"ಏನ್ರೀ, ನಿಮಗೆ ಪರಿಚಯಾನಾ?"

"ಇಲ್ಲ ಸಾರ್, ಬೀದಿನಾಯಿ."

ಇಳಿದು ಕಲ್ಲು ತಗೊಂಡೆ. ಕೈ ಎತ್ತಿದ್ದನ್ನು ನೋಡಿ ಅವನು ಬಾಯಿ ತೆರೆದ. ಹೊಡೆದೆ. ಮುಂಗಾಲಿಗೆ ಬಿತ್ತು. ಕುಂಯ್ ಅಂದ. ಕುಂಟುತ್ತಾ ಹೋಗಿ ಕಲ್ಲನ್ನು ಮೂಸಿದ. ತಿರುಗಿ ಬಂದು ಮತ್ತೆ ಕೂತ.

"ಇವು ಹೀಗೇ, ಯಾರನ್ನ ಕಂಡ್ರೂ ಬಾಲ ಆಡಿಸ್ತವೆ" ಅಂದರು ಅಧಿಕಾರಿ. ನಂಬಿದರು!

ಬೇಲಿಯ ಹತ್ತಿರ ತಂತಿ ಬಿಗಿಯುತ್ತಿದ್ದ ಭಾವ ಎಲ್ಲವನ್ನೂ ನೋಡಿದರು.

ಅದೇ ದಿನ, ಸಂಜೆ

ಭಾವ ಬಂದಿದ್ದರು. ಇವಳು ಟೀ ಮಾಡಲು ಒಳಗೆ ಹೋದಾಗ ಮೆಲ್ಲಗೆ ಅಂದರು, "ಅವತ್ತಿನ ಹಾರ್ನ್ ನನಗೂ ಕೇಳಿಸಿತ್ತು."

ನಾನು ಅಡುಗೆಮನೆ ಕಡೆ ನೋಡಿದೆ.

"ನಾನು ಯಾರಿಗೂ ಹೇಳಲ್ಲ. ಇದು ತಂಗಿ ಮನೆ. ಆದ್ರೆ ಆ ನಾಯಿಗೆ ಯಾಕೆ ಹೊಡೆದ್ರಿ? ನಿಮ್ಮನ್ನ ನಂಬಿ ಬಂದಿತ್ತು ಅದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಟೀ ಕುಡಿದು, ತಂಗಿಯ ಜೊತೆ ನಗುನಗುತ್ತಾ ಮಾತಾಡಿ ಹೋದರು.

ಮಾರ್ಚ್ 24, ಬೆಳಿಗ್ಗೆ

ಇವಳು ಶರ್ಟಿಗೆ ಇಸ್ತ್ರಿ ಹಾಕಿಕೊಟ್ಟಳು. ಅಣ್ಣನ ಪರವಾಗಿ ಮಾತಾಡಲು ಹೊರಟಿದ್ದೇನೆಂದು ಖುಷಿ. "ಧೈರ್ಯವಾಗಿ ಮಾತಾಡಿ" ಅಂದಳು. ಸಂಜೆಗೂ ಇದೇ ಮುಖ ಇರುತ್ತದೋ ಇಲ್ಲವೋ.

ಆಫೀಸಿನ ಮುಂದೆ ಜೀಪಿನಲ್ಲೇ ಕೂತು ಬರೆಯುತ್ತಿದ್ದೇನೆ. ಇನ್ನೂ ಇಳಿದಿಲ್ಲ. ಕ್ಯಾಪ್ಟನ್ ಕುಂಟುತ್ತಾ ಬಂದು ಬಾಗಿಲ ಪಕ್ಕ ಕೂತ. ಹಾರ್ನ್ ಹೊಡೆದೇ ಇಲ್ಲ, ಆದರೂ ಬಂದ. ಜೇಬಿನಲ್ಲಿದ್ದ ಬನ್ನು ಕೊಟ್ಟೆ. ಎಸೆಯಲಿಲ್ಲ, ಕೈಯಿಂದಲೇ ತಿನ್ನಿಸಿದೆ. ಅಧಿಕಾರಿ ಕಿಟಕಿಯಿಂದ ನೋಡಿಬಿಟ್ಟರು. ಈಗ ಮೆಟ್ಟಿಲು ಇಳಿಯುತ್ತಿದ್ದಾರೆ. ಪರಿಚಯ ಇಲ್ಲ ಅಂದಿರಲ್ಲ ಎಂದು ಕೇಳುತ್ತಾರೆ. ತೊದಲಬಾರದು. ಹೀಗೆ ಹೇಳಬೇಕು — ಪರಿಚಯ ಇದೆ ಸಾರ್. ಇವನ ಹೆಸರು ಕ್ಯಾಪ್ಟನ್. ಅವತ್ತು ಇವನನ್ನು ಕರೆದದ್ದು