ಹೊಸ್ತಿಲಿನ ಕಪಾಟು

ಅವ್ವಾ,

ನಾನು ಏಳರ ಬಸ್ಸಿಗೆ ಖಾನಾಪುರಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಕೆಡವುತ್ತಿರುವ ವಾಡೆಯಲ್ಲಿ ಹಳೆಯ ಕಂದೀಲೊಂದು ಅಗ್ಗಕ್ಕೆ ಸಿಗುತ್ತದಂತೆ. ನನ್ನ ಓದುವ ಕೋಣೆಗೆ ಅದೊಂದೇ ಬಾಕಿ.

ಕೋಣೆಯೊಳಗೆ ಬಂದರೆ ಗೋಡೆಗೆ ಒರಗಬೇಡ. ನಿನ್ನೆ ಎರಡನೇ ಸಲ ಬಳಿದ ಕಡು ಹಸಿರು ಇನ್ನೂ ಒಣಗಿಲ್ಲ. ಅದು ಲಾರಿಗೆ ಬಳಿದು ಉಳಿದಿದ್ದ ಬಣ್ಣ, ಸೀರೆಗೆ ಹತ್ತಿದರೆ ಹೋಗುವುದಿಲ್ಲ. "ಹಗಲ ಹೊತ್ತಿನ್ಯಾಗೂ ಕತ್ತಲಿ ಐತಿ, ಇದೇನ್ ಬಾವಲಿ ಗವಿ ಏನು?" ಎಂದು ಅಪ್ಪ ಕೇಳಿದರೆ, ಬೇಕೆಂದೇ ಹಾಗೆ ಮಾಡಿದ್ದಾನೆ ಎಂದು ಹೇಳು.

ಇನ್ನು ಕಪಾಟಿನ ವಿಷಯ. ಅದೇ ವಾಡೆಯ ಬಾಗಿಲ ಚೌಕಟ್ಟು ತಂದು ಅದನ್ನು ಮಾಡಿಸಿದೆ. ಕೆಳಗಿನ ಹಲಗೆ ಮೊದಲು ಹೊಸ್ತಿಲಾಗಿತ್ತು ಎಂದು ನಿನಗೆ ಹೇಳಿದ್ದೇ ನನ್ನ ತಪ್ಪು. ದಿನಾ ಬೆಳಿಗ್ಗೆ ನೀನು ಅದಕ್ಕೆ ಅರಿಷಿಣ ಹಚ್ಚಿದೆ, ನನ್ನ ಪುಸ್ತಕಗಳ ತಳವೆಲ್ಲ ಹಳದಿಯಾಯಿತು. ಕೇಳಿದರೆ ನೀನು, "ಹೊಸ್ತಿಲಾ ಎಲ್ಲಿದ್ರೂ ಹೊಸ್ತಿಲಾನ. ಬರೀ ಇಡಬಾರ್ದಪಾ" ಎಂದೆ. ಸಿಟ್ಟಿನಲ್ಲಿ ನಾನು, ಈ ಕೋಣೆಗೆ ಬರಲೇಬೇಡ ಎಂದುಬಿಟ್ಟೆ.

ಮೂರು ದಿನವಾಯಿತು. ನೀನು ಬರಲಿಲ್ಲ, ಮಾತೂ ಆಡಲಿಲ್ಲ. ರೊಟ್ಟಿ ಮುಂದಿಟ್ಟು ಸುಮ್ಮನೆ ಹೋಗುತ್ತೀ. ಮೌನ ಬೇಕೆಂದೇ ಈ ಕೋಣೆ ಮಾಡಿಕೊಂಡವನು ನಾನು. ಆದರೆ ಮೂರು ದಿನದಲ್ಲಿ ಒಂದು ಪುಟವನ್ನೂ ಓದಲಾಗಿಲ್ಲ.

ಕೆಳಗಿನ ಹಲಗೆ ಖಾಲಿ ಮಾಡಿದ್ದೇನೆ. ಇನ್ನು ಮೇಲೆ ಅದು ನಿನ್ನದು. ಅಲ್ಲಿದ್ದ ಪುಸ್ತಕಗಳೆಲ್ಲ ನನ್ನ ಹಾಸಿಗೆಯ ಮೇಲಿವೆ. ಸಂಜೆ ನಾನು ಬಂದ ಕೂಡಲೇ "ಇನ್ನ ಎಲ್ಲಿ ಮಲಕೋತೀಯೋ ಮಗನ?" ಎಂದು ಬೈಯಬೇಕು. ಮರೆಯಬೇಡ.

ಗುರುಪುತ್ರ